ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಏನು ಮಾಡೋದು?

ಕೇಳಿದವರು, ಒಬ್ಬ ತಾಯಿ:
ಮಗಳು ಸೆಕೆಂಡ್ ಪಿಯುಸಿ, ಸೈನ್ಸ್. ದಿನಾ ರಾತ್ರಿ ಹನ್ನೊಂದರವರೆಗೆ ಓದುತ್ತಾಳೆ. ಬಯಾಲಜಿ ಪುಸ್ತಕದ ಅರ್ಧಕ್ಕರ್ಧ ಸಾಲುಗಳಿಗೆ ಹೈಲೈಟರ್ ಬಳಿದಿದ್ದಾಳೆ. ಕೇಳಿದರೆ "ಎಲ್ಲಾ ಬರುತ್ತೆ ಅಮ್ಮ" ಅನ್ನುತ್ತಾಳೆ. ಟೆಸ್ಟ್‌ನಲ್ಲಿ ಏನೂ ಹೊಳೆಯುವುದಿಲ್ಲ. ಕಷ್ಟಪಡುವುದನ್ನು ನೋಡುತ್ತಿದ್ದೇನೆ, ಬೈಯಲು ಮನಸ್ಸು ಬರುವುದಿಲ್ಲ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಪಿಯು ಬಯಾಲಜಿ ಮೇಡಂ:
ಅಕ್ಕ, ಮಗಳು ಸುಳ್ಳು ಹೇಳುತ್ತಿಲ್ಲ. ಅವಳಿಗೆ ನಿಜವಾಗಿಯೂ ಬರುತ್ತೆ ಅಂತಲೇ ಅನ್ನಿಸುತ್ತಿದೆ. ನಾಲ್ಕನೇ ಸಲ ಓದುವಾಗ ಸಾಲುಗಳು ಸರಾಗವಾಗಿ ಸಾಗುತ್ತವೆ, ಕಲಿತೆವು ಅಂದುಕೊಳ್ಳುತ್ತೇವೆ. ನಾನೂ ಕೆಲಸಕ್ಕೆ ಸೇರಿದ ಮೊದಲ ಏಳೆಂಟು ವರ್ಷ ಮಕ್ಕಳಿಗೆ "ಇನ್ನೊಂದು ಸಲ ಓದಿ" ಅಂತಲೇ ಹೇಳಿದೆ. ನೆನೆದರೆ ಈಗಲೂ ಬೇಸರವಾಗುತ್ತದೆ.

ನನ್ನ ಕಣ್ಣು ತೆರೆಸಿದ್ದು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಮಾಡಿದ್ದು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಗದ್ಯ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯೂ ಅದನ್ನೇ ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಗದ್ಯ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ: ಅವರಿಗೆ ಶೇ. 83 ನೆನಪಿತ್ತು, ಬರೆದವರಿಗೆ ಶೇ. 71. ವಾರ ಬಿಟ್ಟು ಕೇಳಿದರೆ ಓದಿದವರಲ್ಲಿ ಉಳಿದಿದ್ದು ಶೇ. 40, ಬರೆದವರಲ್ಲಿ ಶೇ. 61. ಓದಿದವರು ಗದ್ಯವನ್ನು ಸರಾಸರಿ 14 ಸಲ ಓದಿದ್ದರು, ಬರೆದವರು ಮೂರು ಚಿಲ್ಲರೆ ಸಲ ಅಷ್ಟೇ! ವಾರದ ನಂತರ ಚೆನ್ನಾಗಿ ನೆನಪಿರುತ್ತೆ ಅನ್ನುವ ಧೈರ್ಯ ಮಾತ್ರ ಬರೀ ಓದಿದವರಿಗೇ ಜಾಸ್ತಿ ಇತ್ತು. ಥೇಟ್ ನಿಮ್ಮ ಮಗಳ ಮಾತು, ಅಲ್ವಾ?

ನನ್ನ ಕ್ಲಾಸಲ್ಲಿ ಈಗ ಹೀಗೆ. ಡಬಲ್ ಫರ್ಟಿಲೈಸೇಶನ್, ಅಂದರೆ ಹೂಬಿಡುವ ಗಿಡಗಳಲ್ಲಿ ಆಗುವ ಜೋಡಿ ಫಲೀಕರಣ, ಓದಿದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯಬೇಕು. ಎರಡು ಗಂಡು ಗ್ಯಾಮೀಟ್‌ಗಳಲ್ಲಿ (ಲಿಂಗಾಣುಗಳಲ್ಲಿ) ಒಂದು ಅಂಡದ ಜೊತೆ ಸೇರುತ್ತದೆ ಅನ್ನುವವರೆಗೆ ಎಲ್ಲರೂ ಬರೆಯುತ್ತಾರೆ. ಎರಡನೆಯದು ಎಲ್ಲಿ ಹೋಯಿತು? ಅಲ್ಲಿ ಪೆನ್ನು ನಿಲ್ಲುತ್ತದೆ. ಸ್ವಲ್ಪ ಹೊತ್ತು ಒದ್ದಾಡಲಿ. ಆಮೇಲೆ ಪುಸ್ತಕ ತೆರೆದು, ಅದರಿಂದ ಎಂಡೋಸ್ಪರ್ಮ್ (ಬೀಜದೊಳಗೆ ಭ್ರೂಣಕ್ಕೆ ಆಹಾರವಾಗುವ ಭಾಗ) ಆಗುತ್ತದೆ ಅಂತ ನೋಡಿದವರು ಸುಲಭಕ್ಕೆ ಮರೆಯುವುದಿಲ್ಲ. ಮೂರು ದಿನ ಬಿಟ್ಟು ಮತ್ತೆ ಖಾಲಿ ಹಾಳೆ, ವಾರ ಬಿಟ್ಟು ಇನ್ನೊಂದು.

ಹೈಲೈಟರ್ ಕಿತ್ತುಕೊಳ್ಳಬೇಡಿ, ಆದರೆ ಅದನ್ನೇ ನಂಬಬಾರದು. 2013ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ಡನ್ಲೋಸ್ಕಿ ಮತ್ತು ಜೊತೆಗಾರರು ಕಲಿಯುವ ಹತ್ತು ವಿಧಾನಗಳನ್ನು ತೂಗಿ ನೋಡಿದರು. ಗೆರೆ ಹಾಕುವುದು, ಮತ್ತೆ ಮತ್ತೆ ಓದುವುದು ಎರಡೂ ಕೆಳಗಿನ ದರ್ಜೆಗೆ ಹೋದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ದಿನ ಬಿಟ್ಟು ದಿನ ಹಂಚಿಕೊಂಡು ಓದುವುದು ಮೇಲಿನ ದರ್ಜೆಗೆ ಬಂದವು.

ಮೊದಲ ಎರಡು ವಾರ ಅವಳಿಗೆ ಅಳು ಬರಬಹುದು. ಖಾಲಿ ಹಾಳೆ ನೋಡಿದರೆ ಏನೂ ಗೊತ್ತಿಲ್ಲ ಅನ್ನಿಸುತ್ತದೆ. ಆಗ ಪಕ್ಕದಲ್ಲಿ ಕೂತಿರಿ. ಆ ಹಾಳೆಗೆ ಮಾತ್ರ ಯಾರೂ ಮಾರ್ಕ್ಸ್ ಹಾಕಬಾರದು.

ಎಂಜಿನಿಯರಿಂಗ್ ಓದುತ್ತಿರುವ ಹುಡುಗ:
ಆಂಟಿ, ಮ್ಯಾಥ್ಸ್‌ಗೆ ಒಂದು ಮಾತು ಸೇರಿಸುತ್ತೇನೆ. ಪಿಯುಸಿಯಲ್ಲಿ ಇಂಟಿಗ್ರೇಷನ್‌ನ ಒಂದೊಂದು ಎಕ್ಸರ್‌ಸೈಜನ್ನೂ ಸಾಲಾಗಿ ಮುಗಿಸುತ್ತಿದ್ದೆ, ಎಲ್ಲಾ ಸರಿ ಬರುತ್ತಿತ್ತು. ಪರೀಕ್ಷೆಯಲ್ಲಿ ಯಾವ ಲೆಕ್ಕಕ್ಕೆ ಯಾವ ದಾರಿ ಅಂತಲೇ ತಿಳಿಯುತ್ತಿರಲಿಲ್ಲ. ಆಮೇಲೆ ಬೇರೆ ಬೇರೆ ಪಾಠದ ಲೆಕ್ಕಗಳನ್ನು ಕಲಸಿ ಮಾಡತೊಡಗಿದೆ. ನಿಧಾನ ಆಯಿತು, ತಪ್ಪೂ ಜಾಸ್ತಿ. ಆದರೆ ಫೈನಲ್‌ನಲ್ಲಿ ಕೈ ಹಿಡಿಯಿತು. ಡಗ್ ರೋರರ್, ಕೆಲ್ಲಿ ಟೇಲರ್ ಅನ್ನುವ ಸಂಶೋಧಕರ 2007ರ ಅಧ್ಯಯನದಲ್ಲೂ ಹೀಗೇ ಆಗಿತ್ತು. ನಾಲ್ಕು ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳು. ಅಭ್ಯಾಸದ ಹೊತ್ತಿನಲ್ಲಿ ಒಂದೇ ಬಗೆಯದನ್ನು ಒಟ್ಟಿಗೆ ಮಾಡಿದವರಿಗೆ ಶೇ. 89 ಸರಿ, ಕಲಸಿ ಮಾಡಿದವರಿಗೆ ಶೇ. 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರಿಗೆ ಶೇ. 20, ಕಲಸಿದವರಿಗೆ ಶೇ. 63.

ಇನ್ನೊಬ್ಬ ತಾಯಿ:
ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಕಣ್ರೀ. ನಾನು ರೊಟ್ಟಿ ತಟ್ಟುವಾಗ ಮಗ ಎದುರು ಕೂತು ಆವತ್ತಿನ ಪಾಠವನ್ನು ಕನ್ನಡದಲ್ಲಿ ಹೇಳಬೇಕು, ಪುಸ್ತಕ ಇಲ್ಲದೆ. ನಾನು ಸುಮ್ನೆ "ಅದು ಯಾಕೆ ಹಾಗೆ?" ಅಂತ ಕೇಳುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೆ ಎದ್ದು ಹೋಗಿ ಪುಸ್ತಕ ನೋಡಿಕೊಂಡು ಬರುತ್ತಾನೆ. ಅಷ್ಟರಲ್ಲಿ ಒಂದು ರೊಟ್ಟಿ ಬೆಂದಿರುತ್ತದೆ.