‘ಖಾವ್ ನಿಯಾವ್’ಗೆ ‘ಅಂಟಕ್ಕಿ’ ಎನ್ನಬಹುದೇ?

ಮಾನ್ಯರೇ,

ಲಾವೋಸ್‌ನಲ್ಲಿ ಕಡಿಮೆ ಖರ್ಚಿನಲ್ಲಿ ತಿರುಗಾಡಿದ ಟಿಪ್ಪಣಿಗಳನ್ನು ಬರೆಯುತ್ತಿದ್ದೇನೆ. ದಿನವೂ ಉಂಡ ‘ಖಾವ್ ನಿಯಾವ್’ ಎಂಬ ಅಂಟುವ ಅನ್ನದ ಹೆಸರನ್ನು ಕನ್ನಡದಲ್ಲಿ ಹೇಳಹೊರಟಾಗಲೇ ಲೇಖನಿ ತಡೆಯುತ್ತಿದೆ. ಲುವಾಂಗ್ ಪ್ರಬಾಂಗ್‌ನ ಬೀದಿಬದಿಯಲ್ಲಿ ಕೆಂಡದ ಮೇಲೆ ಸುಟ್ಟ ಕೋಳಿ ‘ಪಿಂಗ್ ಕೈ’, ಸುಟ್ಟ ಮೆಣಸಿನಕಾಯಿಯ ಗೊಜ್ಜಾದ ‘ಜೇವ್’ ಇವುಗಳ ಜೊತೆ ‘ಖಾವ್ ನಿಯಾವ್’ ಕೊಂಡರೆ ಅಗ್ಗದಲ್ಲಿ ಹೊಟ್ಟೆ ತುಂಬುತ್ತದೆ. ಅಲ್ಲಿನವರು ತಮ್ಮನ್ನು ‘ಖಾವ್ ನಿಯಾವ್‌ನ ಮಕ್ಕಳು’ ಎಂದು ಅಭಿಮಾನದಿಂದ ಕರೆದುಕೊಳ್ಳುತ್ತಾರೆ. ಬೆಳಗಿನ ಭಿಕ್ಷೆಗೆ ಬರುವ ಭಿಕ್ಷುಗಳ ಪಾತ್ರೆಗೆ ಬೀಳುವುದೂ ಇದೇ.

‘ನಿಯಾವ್’ ಎಂದರೆ ಅಂಟು. ಆದ್ದರಿಂದ ‘ಅಂಟಕ್ಕಿ’ ಎಂಬುದು ನೇರವಾದ ಅನುವಾದ. ಆದರೆ ‘ಖಾವ್’ ಎಂಬ ಒಂದೇ ಮಾತು ಭತ್ತಕ್ಕೂ ಅಕ್ಕಿಗೂ ಅನ್ನಕ್ಕೂ ಸಲ್ಲುತ್ತದೆ, ‘ಕಿನ್ ಖಾವ್’ ಎಂದರೆ ಊಟ ಮಾಡುವುದೇ ಆಗುತ್ತದೆ. ಇವನ್ನೆಲ್ಲ ಬೇರೆ ಬೇರೆಯಾಗಿ ಹೇಳುವ ನಾವು ಕೊಳ್ಳುವಾಗ ‘ಅಂಟಕ್ಕಿ’, ಉಣ್ಣುವಾಗ ‘ಅಂಟನ್ನ’ ಎನ್ನಬೇಕಾಗುತ್ತದೆ. ಇದು ಸಣ್ಣ ತೊಡಕು, ಸಂಧಿಯೂ ಸರಿಯಾಗಿಯೇ ಇದೆ.

ನಿಜವಾದ ತೊಡಕು ಭಾವದ್ದು. ಅನ್ನ ಉದುರುದುರಾಗಿರಬೇಕೆಂದು ಬಯಸುವ ನಮ್ಮ ಅಡುಗೆಮನೆಗಳಲ್ಲಿ ‘ಅನ್ನ ಅಂಟಂಟಾಗಿದೆ’ ಎಂದರೆ ನೀರು ಹೆಚ್ಚಾಯಿತೆಂಬ ದೂರು. ಖಾವ್ ನಿಯಾವ್‌ನಲ್ಲಿ ನೀರಿನ ತಪ್ಪೇನೂ ಇಲ್ಲ: ಅದು ಬೇರೆಯೇ ಬಗೆಯ ಅಕ್ಕಿ, ಅದರ ಪಿಷ್ಟದಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಂಟು ತರುವ ‘ಅಮೈಲೋಪೆಕ್ಟಿನ್’ ಎಂಬ ಅಂಶ. ರಾತ್ರಿಯೆಲ್ಲ ನೆನೆಸಿ, ನೀರು ಬಸಿದು, ಶಂಕುವಿನಾಕಾರದ ಬಿದಿರು ಬುಟ್ಟಿಯಲ್ಲಿ ಹಬೆಗಿಟ್ಟು ಬೇಯಿಸುತ್ತಾರೆ. ಕಾಳು ಕಾಳಾಗಿಯೇ ಉಳಿಯುತ್ತದೆ. ‘ತಿಪ್ ಖಾವ್’ ಎಂಬ ಮುಚ್ಚಳದ ಪುಟ್ಟ ಬುಟ್ಟಿಯಿಂದ ಒಂದು ತುತ್ತು ಕಿತ್ತು, ಬೆರಳ ತುದಿಯಲ್ಲಿ ಉಂಡೆ ಮಾಡಿ, ಜೇವ್‌ಗೆ ಒತ್ತಿ ಬಾಯಿಗಿಡುತ್ತಾರೆ. ಹದವಾಗಿ ಬೆಂದಿದ್ದರೆ ಅದು ತನಗೆ ತಾನು ಅಂಟುತ್ತದೆ, ಕೈಗೆ ಅಷ್ಟಾಗಿ ಅಂಟುವುದಿಲ್ಲ. ‘ಜಿಗುಟು’ ಎಂದರೆ ಹಲಸಿನ ಮೇಣ ನೆನಪಾಗುವುದರಿಂದ ಆ ಮಾತನ್ನು ಕೈಬಿಟ್ಟೆ. ಮುರಿದು, ಅದ್ದಿ ತಿನ್ನುವ ರೀತಿಯಲ್ಲಿ ‘ಮುದ್ದೆ’ ಹತ್ತಿರವೆನಿಸಿದರೂ, ಮುದ್ದೆಯನ್ನು ನುಂಗುತ್ತೇವೆ, ಇದನ್ನು ಅಗಿಯಲೇಬೇಕು.

ಕ್ರಿಯಾಪದದ ವಿಷಯದಲ್ಲಿ ಮಾತ್ರ ಕನ್ನಡ ನನ್ನನ್ನು ಕೈಬಿಡಲಿಲ್ಲ: ಜೇವ್ ‘ನೆಂಚಿಕೊಂಡು’ ಉಂಡೆ ಎಂದು ಬರೆದೊಡನೆ ಆ ಊಟ ಕಣ್ಣಮುಂದೆ ಬಂದಿತು.

‘ಉಂಡೆ ಹಿಡಿಯುವುದು’ ಎಂಬ ಬಳಕೆಯಿಂದ ‘ಹಿಡಿಯನ್ನ’ ಎಂದು ಕಟ್ಟಿಕೊಳ್ಳಬಹುದೇ, ಅಥವಾ ಅದು ‘ಒಂದು ಹಿಡಿ ಅನ್ನ’ ಎಂದೇ ಕೇಳಿಸುತ್ತದೆಯೇ? ಮಲೆನಾಡು, ಕರಾವಳಿಯ ಮನೆಮಾತುಗಳಲ್ಲಿ ಅಂಟಿಕೊಳ್ಳುವ ಗುಣವನ್ನು ಮೆಚ್ಚುಗೆಯಿಂದ ಹೇಳುವ ಪದವಿದ್ದರೆ, ಅದು ಅಕ್ಕಿಯದಾಗಲಿ ಹಿಟ್ಟಿನದಾಗಲಿ, ವಾಕ್ಯದಲ್ಲಿ ಬಳಸಿ ತಿಳಿಸಬೇಕೆಂದು ಕೋರುತ್ತೇನೆ.