ಪದಚರ್ಚೆ: ಜಪಾನಿ ಕುಂಬಾರರ ‘ಉವಗುಸುರಿ’ಗೆ ಕನ್ನಡದಲ್ಲಿ ಏನೆನ್ನೋಣ? (ಮಶಿಕೊ ಕುಂಬಾರಿಕೆ ಕಮ್ಮಟದ ಹಾಳೆಗೆ, ಶುಕ್ರವಾರ ರಾತ್ರಿಯೊಳಗೆ ಬೇಕು)

ಟೋಕಿಯೊದಿಂದ

ಬಲ್ಲವರೇ, ಅವಸರದಲ್ಲಿದ್ದೇನೆ. ಶನಿವಾರ ನಾವು 14 ಮಂದಿ ಕನ್ನಡಿಗರು ತೊಚಿಗಿ ಪ್ರಾಂತದ ಮಶಿಕೊ ಎಂಬ ಹಳ್ಳಿಗಾಡಿನ ಊರಿಗೆ ಹೋಗುತ್ತಿದ್ದೇವೆ. ಅಲ್ಲಿನ ಒಂದು ಕುಂಬಾರಮನೆಯಲ್ಲಿ ಅರ್ಧ ದಿನ ಮಣ್ಣು ನಾದಿ, ತಲಾ ಒಂದು ಬಟ್ಟಲು ಮಾಡುವುದು. ಊರಿನಿಂದ ಬಂದಿರುವ ಐವರು ಹಿರಿಯರಿಗೆ ಜಪಾನಿ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಅವರಿಗಾಗಿ ಕುಂಬಾರರ ಸೂಚನೆಗಳನ್ನು ಒಂದು ಪುಟದ ಕನ್ನಡಕ್ಕೆ ತರಬೇಕು.

ನಾಲ್ಕು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ರೊಕುರೊ: ಮಡಕೆ ಮಾಡುವ ಗಾಲಿ. ನೊಬೊರಿಗಮ: ಇಳಿಜಾರಿನಲ್ಲಿ ಕೋಣೆಯ ಮೇಲೆ ಕೋಣೆಯಾಗಿ ಏರುತ್ತ ಹೋಗುವ, ಸೌದೆಯಿಂದ ಉರಿಸುವ ಗೂಡು. ಕೋದೈ: ಬಟ್ಟಲಿನ ತಳದಲ್ಲಿ ಕೆತ್ತಿ ಬಿಡಿಸುವ ಉಂಗುರದಂಥ ಕಾಲು. ಉವಗುಸುರಿ: ಸುಟ್ಟಾಗ ಗಾಜಾಗುವ ಲೇಪ. ಈ ಕೊನೆಯದೇ ಹೆಚ್ಚು ಕಾಡುತ್ತಿದೆ. ಪುಸ್ತಕದಲ್ಲಿ ‘ಯೂಯಾಕು’ ಎಂಬ ಚೀನೀಮೂಲದ ಪದವಿದೆ. ‘ಉವಗುಸುರಿ’ ಅಚ್ಚ ಜಪಾನಿ, ಬಿಡಿಸಿದರೆ ‘ಮೇಲಿನ ಮದ್ದು’.

ಧಾರವಾಡದಿಂದ

ರೊಕುರೊ ಎಂದರೆ ತಿಗರಿ. ಇದರಲ್ಲಿ ಚರ್ಚಿಸಲು ಏನೂ ಇಲ್ಲ. ‘ತಿರುಗು’ವಿನ ಬಳಗದ ಪದ, ತಮಿಳಿನಲ್ಲಿ ತಿಗಿರಿ. ‘ಚಕ್ರ’ ಎಂದು ಬರೆದೀರಿ, ಜೋಕೆ.

ನೊಬೊರಿಗಮಕ್ಕೆ ಏರಾವಿಗೆ. ಏರು, ಆವಿಗೆ (ಕುಂಬಾರರು ಮಡಕೆ ಸುಡುವ ಜಾಗ), ಲೋಪಸಂಧಿ. ಆವಿಗೆ ನಮ್ಮ ‘ಆವಿ’ಯಿಂದಲೇ ಬಂದದ್ದು, ಹಸಿ ಮಣ್ಣಿನ ನೀರನ್ನು ಆವಿಯಾಗಿಸುವ ಜಾಗ. ಉವಗುಸುರಿಗೆ ಉತ್ತರವನ್ನು ನೀವೇ ಕೊಟ್ಟಿದ್ದೀರಿ: ಮೇಲ್ಮದ್ದು. ದಯವಿಟ್ಟು ಇಂಗ್ಲಿಷಿನ ‘ಗ್ಲೇಜ್’ ಎಂದು ಬರೆಯಬೇಡಿ. ಜಪಾನಿಯವರಿಗೆ ತಮ್ಮ ನುಡಿಯಲ್ಲೇ ಪದವಿರುವಾಗ ನಮಗೆ ಸಾಲದ ಹಂಗೇಕೆ?

ಮೈಸೂರಿನಿಂದ

ಆವಿಗೆಗೂ ಆವಿಗೂ ಸಂಬಂಧವಿಲ್ಲ. ಸಂಸ್ಕೃತದ ‘ಆಪಾಕ’ ಪ್ರಾಕೃತವನ್ನು ಹಾದು ‘ಆವಗೆ’ ಆಯಿತು. ಹಿಂದಿಯವರ ‘ಆವಾ’ ಕೂಡ ಅದೇ. ಕಿವಿಗೆ ಒಂದೇ ರೀತಿ ಕೇಳಿಸಿತೆಂದು ನಂಟು ಕಟ್ಟುವುದು ನಿರುಕ್ತಿಯಲ್ಲ.

ಸಾಲದ ಮಾತು ಬಂದಿದ್ದರಿಂದ ಹೇಳುತ್ತೇನೆ. ‘ಕುಂಬಾರ’ನೇ ಕುಂಭಕಾರ. ‘ಪಿಂಗಾಣಿ’ ಪಾರಸಿಯಿಂದ ಬಂದದ್ದು. ಜಪಾನಿಯರ ‘ರೊಕುರೊ’ ಕೂಡ ಚೀನಾದಿಂದ ಹೋದ ಪದವೇ. ಅದರಿಂದ ಅವರ ಗಾಲಿ ತಿರುಗುವುದು ನಿಂತಿಲ್ಲ. ‘ಗ್ಲೇಜ್’ ಎಂದು ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ.

ಧಾರವಾಡದಿಂದ

ಎಲ್ಲರಿಗೂ ಎಂದರೆ ಯಾರಿಗೆ? ಕೇಳಿದವರು ಇಂಗ್ಲಿಷ್ ಬಾರದ ಹಿರಿಯರ ಬಗ್ಗೆ ಬರೆದದ್ದನ್ನು ತಾವು ಓದಿಯೇ ಇಲ್ಲ. ಸಾವಿರ ವರುಷ ನಾಲಗೆಯ ಮೇಲೆ ಪಳಗಿದ ಕುಂಬಾರನೂ ನಿನ್ನೆ ಬಂದ ಗ್ಲೇಜೂ ಒಂದೇ ಅಲ್ಲ.

ಖಾನಾಪುರದಿಂದ

ನಾನು ಕುಂಬಾರರ ಮನೆಯಲ್ಲಿ ಹುಟ್ಟಿ ಬೆಳೆದವಳು. ಮಣ್ಣಿನ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ.

ಮೇಲ್ಮದ್ದು ಖಂಡಿತ ಬೇಡ. ನಮ್ಮಲ್ಲಿ ‘ಮದ್ದು ಹಾಕಿದರು’ ಎಂದರೆ ಅನ್ನದಲ್ಲಿ ಕೈಮದ್ದು ಬೆರೆಸಿದರು ಎಂದರ್ಥ. ಉಣ್ಣುವ ಬಟ್ಟಲಿಗೆ ಮದ್ದು ಬಳಿದಿದೆ ಎಂದು ಓದಿದ ಯಾವ ಅಜ್ಜಿ ಅದನ್ನು ಮನೆಗೆ ತಂದಾಳು? ‘ಮೆರುಗು’ ಕೂಡ ಸರಿಯಲ್ಲ. ಕೆಮ್ಮಣ್ಣು ಬಳಿದು, ನುಣುಪು ಕಲ್ಲಿನಿಂದ ಉಜ್ಜಿ ಬರಿಸುವ ಹೊಳಪಿಗೆ ನಾವು ಮೆರುಗು ಎನ್ನುತ್ತೇವೆ. ಅದರಲ್ಲಿ ಗಾಜಿಲ್ಲ, ನೀರು ಹೀರುತ್ತದೆ.

ಆವಿಗೆಯ ಹುಟ್ಟನ್ನು ನೀವಿಬ್ಬರೂ ಚರ್ಚಿಸಿರಿ, ಆದರೆ ನಾವು ಆವಿಗೆ ಎನ್ನುವುದು ಮಡಕೆಗಳನ್ನು ಒಟ್ಟಿ, ಹುಲ್ಲು, ಬೂದಿ, ಮಣ್ಣು ಮುಚ್ಚಿ ಸುಡುವ ರಾಶಿಗೆ. ಗೋಡೆ ಕಟ್ಟಿ ಕಮಾನು ಹೊದಿಸಿದ್ದು ಗೂಡು. ಇಟ್ಟಿಗೆ ಗೂಡು, ಸುಣ್ಣದ ಗೂಡು ಇದ್ದಹಾಗೆ. ಏರುಗೂಡು ಎನ್ನಿ. ಕೋದೈಗೆ ನಮ್ಮಲ್ಲಿ ಪದವಿಲ್ಲ, ಯಾಕೆಂದರೆ ನಮ್ಮ ಮಡಕೆಗೆ ಕಾಲೇ ಇಲ್ಲ. ತಳ ಗುಂಡಗಿರುತ್ತದೆ, ಸಿಂಬೆಯ ಮೇಲೆ ಕೂರುತ್ತದೆ. ‘ಅಡಿಬಳೆ’ ಎಂದರೆ ನನಗೆ ತಿಳಿಯುತ್ತದೆ.

ತಿಗರಿ ಮಾತ್ರ ಸರಿಯೇ ಸರಿ. ಅಲ್ಲಿನವರು ಅದನ್ನು ಕೋಲಿನಿಂದ ತಿರುಗಿಸುತ್ತಾರೆಯೇ? ಲೇಪವನ್ನು ಯಾವುದರಿಂದ ಮಾಡುತ್ತಾರೆ?

ಟೋಕಿಯೊದಿಂದ

ಅಕ್ಕಾ, ಹೊಟ್ಟೆ ತುಂಬಿತು. ನಾವು ಕೂರುವುದು ವಿದ್ಯುತ್ತಿನ ತಿಗರಿಗೆ. ಆದರೆ 1924ರಲ್ಲಿ ಇಂಗ್ಲೆಂಡಿನಿಂದ ಮರಳಿ ಮಶಿಕೊದಲ್ಲಿ ನೆಲೆಸಿದ ಹೆಸರಾಂತ ಕುಂಬಾರ ಹಮದ ಶೋಜಿ ಚಕ್ಕಳಮಕ್ಕಳ ಕುಳಿತು, ಕೋಲಿನಿಂದಲೇ ತಿಗರಿ ತಿರುಗಿಸುತ್ತಿದ್ದರು. ಅವರ ಮನೆ, ಗೂಡುಗಳು ಈಗ ವಸ್ತುಸಂಗ್ರಹಾಲಯ. ಮಧ್ಯಾಹ್ನ ಅಲ್ಲಿಗೂ ಹೋಗುತ್ತೇವೆ. ಹಿರಿಯರಿಗೆ ಅಲ್ಲಿ ಅನುವಾದವೇ ಬೇಕಾಗಲಾರದು.

ಮಶಿಕೊದ ಹೆಸರಾಂತ ಲೇಪಗಳಲ್ಲಿ ಎರಡು ನಮಗೆ ಸಿಗುತ್ತವೆ. ಒಂದು ‘ಕಾಕಿ’: ಊರಿನದೇ ಅಶಿನುಮ ಕಲ್ಲಿನ ಪುಡಿಯಿಂದ ಮಾಡಿದ್ದು, ಸುಟ್ಟಾಗ ತುಕ್ಕುಗೆಂಪು. ಇನ್ನೊಂದು ‘ನುಕ’: ಭತ್ತದ ಹೊಟ್ಟಿನ ಬೂದಿ ಬೆರೆತದ್ದು, ಬಿಳಿ. ನಾವು ಬಣ್ಣ ಆರಿಸಿ ಬಂದರೆ ಸಾಕು, ಅದ್ದುವುದು ಸುಡುವುದು ಕುಂಬಾರರೇ.

ಖಾನಾಪುರದಿಂದ

ಹಾಗಾದರೆ ಗಾಜುಬಣ್ಣ ಎಂದು ಬರೆಯಿರಿ. ಹಿರಿಯರು ಕೇಳಿದರೆ ಹೊಟ್ಟಿನ ಬೂದಿ, ಕಲ್ಲುಪುಡಿ ಎಂದು ಬಾಯಲ್ಲಿ ಹೇಳಿ. ಬೂದಿ ಗಾಜಾಗುತ್ತದೆ ಎಂದರೆ ಪಾತ್ರೆ ತಿಕ್ಕಿದವರಿಗೆಲ್ಲ ಬೆರಗಾಗುತ್ತದೆ.

ಮೈಸೂರಿನಿಂದ

ಗಾಜುಬಣ್ಣ ಎಂದರೆ ಗಾಜಿನ ಮೇಲೆ ಬಳಿಯುವ ಬಣ್ಣ ಎಂದೂ ಆಗುತ್ತದೆ. ಸಮಾಸ ಸಡಿಲ. ನನ್ನ ಮತ ಗ್ಲೇಜ್‌ಗೇ.

ಧಾರವಾಡದಿಂದ

ಗಾಜುಬಣ್ಣಕ್ಕೆ ಒಪ್ಪಿಗೆ. ಆವಿಗೆಯ ವಿಚಾರ ಬೇರೆ ಎಳೆಯಲ್ಲಿ ಮುಂದುವರಿಸುತ್ತೇನೆ. ಸೋತು ಬಿಟ್ಟೆನೆಂದು ಯಾರೂ ಎಣಿಸಬಾರದು.

ಟೋಕಿಯೊದಿಂದ

ಹಾಳೆ ಅಚ್ಚಿಗೆ ಹೋಯಿತು. ತಿಗರಿ, ಏರುಗೂಡು, ಅಡಿಬಳೆ, ಗಾಜುಬಣ್ಣ. ಕೊನೆಯ ಸಾಲು ಹೀಗಿದೆ: “ನಿಮ್ಮ ಬಟ್ಟಲಿಗೆ ತುಕ್ಕುಗೆಂಪು ಗಾಜುಬಣ್ಣ ಬೇಕೋ ಬಿಳಿಯದು ಬೇಕೋ ಹೇಳಿ. ಒಣಗಿ ಎರಡು ಸಲ ಸುಟ್ಟ ಮೇಲೆ ಬಟ್ಟಲು ಕುಗ್ಗುತ್ತದೆ, ಆದ್ದರಿಂದ ಬೇಕಾದುದಕ್ಕಿಂತ ತುಸು ದೊಡ್ಡದಾಗಿಯೇ ಮಾಡಿ.”