ವಿಷಯ: 'ಡೆಪ್ತ್ ಆಫ್ ಫೀಲ್ಡ್'ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹೂವಿನ ಕ್ಲೋಸಪ್ ಫೋಟೋ ತೆಗೆಯೋದನ್ನು ಹೇಳಿಕೊಡುವ ಶಿಬಿರ ಇದೆ. ಗಿಡಗಳ ಪಕ್ಕ ನಿಲ್ಲಿಸುವ ಫಲಕಗಳು ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಫೋಟೋದಲ್ಲಿ ಹತ್ತಿರದಿಂದ ದೂರಕ್ಕೆ ಎಷ್ಟು ಭಾಗ ಸ್ಪಷ್ಟವಾಗಿ ಬರುತ್ತದೋ ಅದೇ 'ಡೆಪ್ತ್ ಆಫ್ ಫೀಲ್ಡ್'. ದಾಸವಾಳದ ಫಲಕದಲ್ಲಿ ಆ ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೇನೆ:

"ಹೂವಿಗೆ ಹತ್ತಿರ ಹೋದಷ್ಟೂ ______ ಕಡಿಮೆಯಾಗುತ್ತದೆ. ನೇರ ಎದುರಿನಿಂದ ತೆಗೆದರೆ ಕೇಸರದ ತುದಿ ಮಾತ್ರ ಸ್ಪಷ್ಟ, ಹಿಂದಿನ ಎಸಳು ಮಸುಕು. ಪಕ್ಕಕ್ಕೆ ಬಂದು, ಕೇಸರದ ಕಡ್ಡಿ ಕ್ಯಾಮೆರಾಕ್ಕೆ ಅಡ್ಡಲಾಗಿ ಕಾಣುವಂತೆ ನಿಲ್ಲಿ. ಕಡ್ಡಿ ಬುಡದಿಂದ ತುದಿವರೆಗೆ ಸ್ಪಷ್ಟವಾಗಿ ಬರುತ್ತದೆ."

ಬಿಟ್ಟ ಜಾಗದಲ್ಲಿ 'ಕ್ಷೇತ್ರದ ಆಳ' ಎಂದು ಹಾಕಿದ್ದೆ. ನಮ್ಮ ಪಾರ್ಕಿನ ಮಾಲಿ ಅದನ್ನು ಓದಿ, "ಪಾತಿ ಎಷ್ಟು ಅಡಿ ಅಗೀಬೇಕು?" ಅಂದರು.

*

ಸ್ಫುಟತಾವ್ಯಾಪ್ತಿ. ಇಷ್ಟೇ.

ಮಾಲಿಯದೇನೂ ತಪ್ಪಿಲ್ಲ, 'ಕ್ಷೇತ್ರದ ಆಳ' ಅಕ್ಷರಾನುವಾದದ ಪಾಪ. ಪದ ಕಟ್ಟುವುದೆಂದರೆ 'ಮಸೂರ' ಕಟ್ಟಿದ ಹಾಗೆ. ಲ್ಯಾಟಿನ್ನಿನಲ್ಲಿ ಲೆನ್ಸ್ ಎಂದರೆ ಚನ್ನಂಗಿ ಬೇಳೆ, ಸಂಸ್ಕೃತದ ಮಸೂರವೂ ಅದೇ ಬೇಳೆ. ಫೋಕಸ್ ಎಂಬುದು ಲ್ಯಾಟಿನ್ನಿನ ಒಲೆ. ಕೆಪ್ಲರ್ 1604ರಲ್ಲಿ ಅದನ್ನು ಬೆಳಕಿನ ಶಾಸ್ತ್ರಕ್ಕೆ ತಂದ. ನಮ್ಮ ಪಠ್ಯಪುಸ್ತಕದವರು ಅದನ್ನು 'ಒಲೆ' ಎನ್ನದೆ 'ಸಂಗಮ' ಎಂದರು. ವಿವೇಕ ಎಂದರೆ ಅದು.

*

ಸ್ಪುಟತಾವ್ಯಾಪ್ತಿ! ಪಾರ್ಕಿಗೆ ಬಂದವರು ನಾಲಗೆ ಕಚ್ಚಿಕೊಂಡಾರು. ಸಂಸ್ಕ್ರುತದ ಮೂಟೆ ಇಳಿಸಿ ಸ್ವಾಮಿ. ಕನ್ನಡದ್ದೇ ಬೇರಿನಿಂದ 'ನಿಚ್ಚಳಹರವು' ಅನ್ನಬಹುದು. "ಹೂವಿಗೆ ಹತ್ತಿರ ಹೋದಶ್ಟೂ ನಿಚ್ಚಳಹರವು ಕುಗ್ಗುತ್ತದೆ." ಮಕ್ಕಳಿಗೂ ತಿಳಿಯುತ್ತೆ. (ಕಾಗುಣಿತ ತಿದ್ದಲು ಯಾರೂ ಬರಬೇಡಿ, ಬೇಕೆಂದೇ ಹೀಗೆ ಬರೆದದ್ದು.)

*

'ನಿಚ್ಚಳ' ಸಂಸ್ಕೃತದ 'ನಿಶ್ಚಲ'ದ ತದ್ಭವ. ನಿಘಂಟು ತೆರೆಯಿರಿ.

*

ಇಬ್ಬರೂ ಕ್ಯಾಮೆರಾ ಹಿಡಿದಂತೆ ಕಾಣುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವ್ಯಾಪ್ತಿ, ಹರವು ಎಂದರೆ ಓದಿದವರ ಕಣ್ಣು ಅಗಲಕ್ಕೆ ಹೋಗುತ್ತದೆ. ಇದು ಲೆನ್ಸ್ ನೋಡುವ ದಿಕ್ಕಿನಲ್ಲಿ, ಫೋಕಸ್ ಆದ ಜಾಗದಿಂದ ಹಿಂದಕ್ಕೂ ಮುಂದಕ್ಕೂ ಅಳೆಯುವಂಥದ್ದು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಮ್ಯಾಕ್ರೋ (ಕ್ಲೋಸಪ್) ಲೆನ್ಸ್ ಹಾಕಿ 1:1ಕ್ಕೆ, ಅಂದರೆ ಬಿಂಬ ಸೆನ್ಸರಿನ ಮೇಲೆ ನಿಜಗಾತ್ರದಲ್ಲೇ ಬೀಳುವಷ್ಟು ಹತ್ತಿರ ಹೋದರೆ, ಎಫ್/8ರಲ್ಲಿ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಕಿರಿದು) ಸಿಗುವುದು ಒಂದು ಮಿಲಿಮೀಟರಿನಷ್ಟು. ಎಫ್/16ಕ್ಕೆ ಒಯ್ದರೂ ಎರಡು ದಾಟದು, ಅಷ್ಟರಲ್ಲಿ ಡಿಫ್ರಾಕ್ಷನ್ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು) ಶುರುವಾಗಿ ಇಡೀ ಚಿತ್ರ ಸ್ವಲ್ಪ ಮೆತ್ತಗಾಗಿರುತ್ತದೆ. ಅಂದರೆ ಗಾಳಿಯಲ್ಲಿ ನೀರುದೋಸೆಯಂಥ ಒಂದು ಪದರ ನಿಂತಿದೆ, ಅದರೊಳಗೆ ಸಿಕ್ಕಿದ್ದಷ್ಟೇ ಸ್ಪಷ್ಟ. ಪಕ್ಕದಿಂದ ತೆಗೆದಾಗ ದಾಸವಾಳದ ಕಡ್ಡಿ ಆ ಪದರದೊಳಗೇ ಉದ್ದಕ್ಕೆ ಮಲಗುತ್ತದೆ. ತುದಿಯ ಐದು ಕೆಂಪು ಗುಂಡುಗಳು, ಕೆಳಗಿನ ಹಳದಿ ಪರಾಗದ ಚೀಲಗಳು ಒಟ್ಟಿಗೆ ಕಾಣುವುದು ಹಾಗೆ.

'ಫೋಕಸ್ ಪದರ' ಎನ್ನಿ. ಕ್ರಿಯಾಪದವನ್ನೂ ಬದಲಿಸಿ: "ಹತ್ತಿರ ಹೋದಷ್ಟೂ ಫೋಕಸ್ ಪದರ ತೆಳುವಾಗುತ್ತದೆ."

ಫಲಕದಲ್ಲಿ ಜಾಗವಿದ್ದರೆ ಇನ್ನೊಂದು ಸಾಲು ಸೇರಿಸಿ. ಕೆಂಪು ದಾಸವಾಳಕ್ಕೆ ಎಕ್ಸ್‌ಪೋಷರನ್ನು (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು) ಅರ್ಧ ಸ್ಟಾಪಾದರೂ ಇಳಿಸಬೇಕು; ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ. ಇಲ್ಲವಾದರೆ ಎಸಳಿನ ನರವೆಲ್ಲ ಅಳಿಸಿ ಬರೀ ಕೆಂಪು ಬಳಿದಂತೆ ಬರುತ್ತದೆ. ಬಿಸಿಲು ಚುರುಕಾಗಿದ್ದರೆ ಹೂವಿನ ಮೇಲೆ ಬಟರ್ ಪೇಪರ್ ಹಿಡಿಯಲು ಒಬ್ಬರು ಬೇಕು.

*

'ಫೋಕಸ್' ಇಂಗ್ಲಿಶು, 'ಪದರ' ಮರಾಟಿಯಲ್ಲೂ ಇದೆ. ಎರಡೂ ಎರವಲು ಆದಮೇಲೆ ಕನ್ನಡದ ಈ ಮಿಂಚಂಚೆ ಪಟ್ಟಿಯಲ್ಲಿ ಕೇಳುವ ಅಗತ್ಯ ಏನಿತ್ತು?

*

ಮರಾಠಿಯಲ್ಲಿ ಇದ್ದ ಮಾತ್ರಕ್ಕೆ ಅದು ಎರವಲು ಹೇಗಾಯಿತು? ಇದು ನಿಮ್ಮ ಹಳೆಯ ಚಾಳಿ. ಆದರೂ 'ಫೋಕಸ್ ಪದರ' ಅರಿಸಮಾಸ, ನಾನು ಒಪ್ಪುವುದಿಲ್ಲ.

*

ಅರಿಸಮಾಸಕ್ಕೆ ಹೆದರಿ ಯಾರೂ 'ರೈಲುಗಾಡಿ' ಹತ್ತದೆ ಬಿಟ್ಟಿಲ್ಲ ಸಾರ್.

ನಮ್ಮ ಮಲೆನಾಡಿನ ಕಡೆ ಮಳೆಗಾಲ ಬಂತೆಂದರೆ ಅಂಗಳದ ತುಂಬ ಡೇರೆ ಹೂವು. ಆ ಗಿಡ ಮೆಕ್ಸಿಕೋದ್ದು, ಡಾಲಿಯಾ ಎಂಬ ಹೆಸರು ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರದು. ಗಡ್ಡೆ ಹಂಚಿಕೊಂಡ ಹೆಂಗಸರು ಹೆಸರನ್ನೂ ನಾಲಗೆಗೆ ಒಗ್ಗಿಸಿಕೊಂಡು 'ಡೇರೆ' ಮಾಡಿದರು. ಗುಲಾಬಿ ಪಾರಸಿಯದು ಅಂತ ಯಾರಾದರೂ ಮುಡಿಯುವುದು ಬಿಟ್ಟಿದ್ದಾರಾ? ನಿಮ್ಮಿಬ್ಬರ ಪದಗಳನ್ನು ಒಬ್ಬ ಮಾಲಿಯಾದರೂ ಮೊದಲನೇ ಸಲಕ್ಕೆ ಓದಿ ಅರ್ಥಮಾಡಿಕೊಳ್ಳಲಿ, ಆಮೇಲೆ ಮಾತಾಡೋಣ.

*

ಡೇರೆ ಅಂದರೆ ಗುಡಾರ.

*

ಎಲ್ಲರಿಗೂ ಧನ್ಯವಾದ. ಮಾಲಿಗೆ "ಫೋಕಸ್ ಪದರ ತೆಳುವಾಗುತ್ತದೆ" ಓದಿಸಿದೆ. "ಓ, ಸಣ್ಣಗೆ ಹೆಚ್ಚಿದ ಹೋಳಿನಷ್ಟೇ ಕಾಣ್ತದೆ ಅನ್ನಿ" ಅಂದರು. ಅದೇ ಪ್ರಿಂಟಿಗೆ ಹೋಯಿತು.

ಒಂದು ಫಲಕ ಇನ್ನೂ ಬಾಕಿ ಇದೆ. ಹಿನ್ನೆಲೆ ನಯವಾಗಿ ಮಸುಕಾಗುವುದಕ್ಕೆ ಫೋಟೋದವರು ಜಪಾನಿನ 'ಬೊಕೆ' ಪದ ಬಳಸುತ್ತಾರಲ್ಲ, ಅದನ್ನು ಏನು ಮಾಡಲಿ? ಹೂವಿನ ಶಿಬಿರದಲ್ಲಿ 'ಬೊಕೆ ಚೆನ್ನಾಗಿರಲಿ' ಎಂದು ಬರೆದರೆ ಜನ ಮುಖ್ಯ ಅತಿಥಿಗೆ ಕೊಡುವ ಹೂಗುಚ್ಛ ಅಂದುಕೊಳ್ಳುತ್ತಾರೆ. ಮಧ್ಯಾಹ್ನ ಮೂರರೊಳಗೆ ತಿಳಿಸಿ.